ಹದಿನಾರರ ಹುಡುಗ “ನನಗೆ ಯಾರೂ ಇಲ್ಲ” ಅಂದ, ನಾನು ನಕ್ಕುಬಿಟ್ಟೆ. ಈಗೇನು ಮಾಡಲಿ?

ಸೋದರಮಾವ

ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕನ ಮಗನಿಗೆ 16 ವರ್ಷ. ರಜೆಗೆ ನನ್ನ ಹತ್ತಿರ ಬಂದಿದ್ದಾನೆ. ಚಿಕ್ಕಂದಿನಿಂದಲೂ ನನ್ನನ್ನು ತುಂಬ ಹಚ್ಚಿಕೊಂಡವನು. ನಾಲ್ಕು ದಿನದ ಹಿಂದೆ ರಾತ್ರಿ ದೀಪ ಆರಿಸಿ ಮಲಗಿದ್ದೆವು. ಇದ್ದಕ್ಕಿದ್ದ ಹಾಗೆ, “ಮಾವ, ನಮ್ಮ ಗ್ಯಾಂಗಲ್ಲಿ ಎಲ್ಲರಿಗೂ ಯಾರಾದ್ರೂ ಇದ್ದಾರೆ. ನಾನೊಬ್ಬನೇ ಸಿಂಗಲ್. ನನ್ನಲ್ಲೇ ಏನೋ ಐಬಿದೆ ಅನ್ಸುತ್ತೆ” ಅಂದ. ನನಗೆ ನಗು ಬಂತು. ಕೆಟ್ಟ ನಗುವಲ್ಲ, ಸುಮ್ನೆ ಬಂದ ನಗು. “ಮೊದಲು ಓದೋ, ಇದಕ್ಕೆಲ್ಲ ಇನ್ನೂ ಬೇಕಾದಷ್ಟು ಟೈಮಿದೆ” ಅಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಅವತ್ತಿನಿಂದ ಹ್ಞೂಂ, ಉಹೂಂ ಬಿಟ್ಟರೆ ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ತಟ್ಟೆ ನೋಡಿಕೊಂಡು ತಿಂದು ಎದ್ದು ಹೋಗುತ್ತಾನೆ. ರಾತ್ರಿ ಎರಡು ಗಂಟೆಗೂ ಫೋನಿನ ಬೆಳಕು ಕಾಣುತ್ತದೆ. ನನಗೆ ಮಕ್ಕಳಿಲ್ಲ, ಈ ವಯಸ್ಸಿನವರ ಜೊತೆ ಹೇಗೆ ಮಾತಾಡಬೇಕು ಅಂತಲೂ ಗೊತ್ತಿಲ್ಲ. ಅಕ್ಕನಿಗೆ ಹೇಳಿದರೆ ಅವನು ಮತ್ತೆ ಯಾವತ್ತೂ ನನ್ನ ಹತ್ತಿರ ಬಾಯಿ ಬಿಡುವುದಿಲ್ಲ ಅನ್ನುವ ಭಯ. ಹೇಳಬೇಕಾ? ಬಿಟ್ಟರೆ ತಾನೇ ಸರಿಹೋಗುತ್ತಾನಾ?

ಬಿಳಿಚಾಕ್

ಇಪ್ಪತ್ತು ವರ್ಷದ ಮೇಲಾಯಿತು, ಈ ವಯಸ್ಸಿನವರಿಗೇ ಪಾಠ ಮಾಡುತ್ತಿದ್ದೇನೆ. ನಕ್ಕಿದ್ದು ತಪ್ಪು, ಆದರೆ ಸರಿ ಮಾಡಿಕೊಳ್ಳಬಹುದಾದ ತಪ್ಪು. ನಿಮಗಿಂತ ದೊಡ್ಡ ತಪ್ಪು ನಾನೇ ಮಾಡಿದ್ದೇನೆ, ಅದು ಬಿಡಿ.

ಒಂದು ವಿಷಯ ಗಮನಿಸಿ. ಅವನು ದೀಪ ಆರಿಸಿದ ಮೇಲೆ ಹೇಳಿದ. ಮುಖ ಕಾಣುವಾಗ ಹೇಳಲು ಆಗದ್ದನ್ನು ಕತ್ತಲಲ್ಲಿ ಹೇಳಿದ. ಎಷ್ಟು ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನೋ.

“ಟೈಮಿದೆ” ಅನ್ನುವ ಮಾತು ನಮಗೆ ಸಮಾಧಾನ ಕೊಡುತ್ತದೆ, ಅವರಿಗೆ ಕೊಡುವುದಿಲ್ಲ. ಲೆಕ್ಕ ಹಾಕಿ ನೋಡಿ. 16 ವರ್ಷದವನಿಗೆ ಎರಡು ವರ್ಷ ಅಂದರೆ ಅವನ ಬದುಕಿನ ಎಂಟನೇ ಒಂದು ಭಾಗ. 40 ದಾಟಿದ ನನಗೆ ಯಾರಾದರೂ “ಇನ್ನೊಂದು ಐದು ವರ್ಷ ಒಬ್ಬನೇ ಇರು, ಆಮೇಲೆ ಸರಿಹೋಗುತ್ತೆ” ಅಂದರೆ ನಾನು ಖುಷಿಯಿಂದ ತಲೆ ಆಡಿಸುತ್ತೇನಾ?

ಇನ್ನೊಂದು, ಇದು ಬರೀ ನಾಟಕ ಅಂತ ತಿಳಿಯಬೇಡಿ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ಸಾದಾ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದ ಇಬ್ಬರು ಪ್ರಯೋಗಕ್ಕೆ ಬಂದವರಿಗೆ ಚೆಂಡು ಹಾಕುವುದನ್ನೇ ನಿಲ್ಲಿಸುತ್ತಾರೆ. ಅಷ್ಟೇ ಆಟ. ಆಗ ಮೆದುಳನ್ನು ಸ್ಕ್ಯಾನ್ ಮಾಡಿದರೆ, ಮೈಗೆ ನೋವಾದಾಗ ಚುರುಕಾಗುವ ಜಾಗವೇ ಇಲ್ಲೂ ಚುರುಕಾಗಿತ್ತು. ಗುರುತು ಪರಿಚಯ ಇಲ್ಲದವರು ಚೆಂಡು ಹಾಕದಿದ್ದರೇ ಹಾಗೆ. ದಿನಾ ಜೊತೆಗಿರುವ ಗ್ಯಾಂಗಿನಲ್ಲಿ ತಾನೊಬ್ಬನೇ ಹೊರಗೆ ಅನ್ನಿಸಿದರೆ ಹೇಗಿರಬೇಡ.

ಹೋಗಿ ಕ್ಷಮೆ ಕೇಳಿ. ಭಾಷಣ ಬೇಡ. “ಅವತ್ತು ನಾನು ನಗಬಾರದಿತ್ತು ಕಣೋ” ಅನ್ನಿ, ಸಾಕು. ಅವನು “ಪರವಾಗಿಲ್ಲ” ಅಂದರೆ ಅಲ್ಲಿಗೇ ಬಿಡಿ. ಅವತ್ತೇ ಎಲ್ಲ ಹೇಳಿಸಬೇಕು ಅಂತ ಕೂರಬೇಡಿ.

ಒರಟುಮಾತು

ಎಲ್ಲರೂ ಸೇರಿ ಇದನ್ನು ದೊಡ್ಡದು ಮಾಡುತ್ತಿದ್ದೀರಿ. ನಮ್ಮ ಕಾಲದಲ್ಲಿ ಈ ಸಿಂಗಲ್ ಅನ್ನುವ ಪದವೇ ಇರಲಿಲ್ಲ. ಫೋನ್ ಕಿತ್ತುಕೊಳ್ಳಿ, ಆಟಕ್ಕೆ ಕಳಿಸಿ, ಎರಡು ವಾರದಲ್ಲಿ ಸರಿಹೋಗುತ್ತಾನೆ. ಮಾವ ಹೋಗಿ ಅಳಿಯನ ಹತ್ತಿರ ಕ್ಷಮೆ ಕೇಳುವುದಂತೆ.

ಅರ್ಧನಿದ್ದೆ

@ಒರಟುಮಾತು ಪದ ಇರಲಿಲ್ಲ, ಸರಿ. ಹೊಟ್ಟೆಯಲ್ಲಿ ಸಂಕಟ ಇರಲಿಲ್ಲವಾ? ನನಗಂತೂ ಇತ್ತು. ಹೇಳಲು ಯಾರೂ ಇರಲಿಲ್ಲ, ಅಷ್ಟೇ.

ಕಾಗದದ ದೋಣಿ

ಹದಿಹರೆಯದವರ ಆಪ್ತ ಸಮಾಲೋಚನೆಯೇ ನನ್ನ ಕೆಲಸ. ಇಲ್ಲಿ ಬರೆಯುವುದು ಒಬ್ಬ ಓದುಗಳಾಗಿ, ಅವನನ್ನು ನೋಡದೆ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ.

“ನಾನು ಸಿಂಗಲ್, ಅದಕ್ಕೇ ಬೇಜಾರು” ಅಂತ ಬರುವ ಮಕ್ಕಳಲ್ಲಿ ಎಲ್ಲರ ಬೇಜಾರೂ ಒಂದೇ ಅಲ್ಲ. ರಾಬರ್ಟ್ ವೈಸ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲೇ ಒಂಟಿತನವನ್ನು ಎರಡು ಮಾಡಿ ನೋಡಿದ. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರೂ ಇಲ್ಲ ಅನ್ನುವುದು ಒಂದು. ತನ್ನದು ಅಂತ ಒಂದು ಗುಂಪಿಲ್ಲ ಅನ್ನುವುದು ಇನ್ನೊಂದು. ಗುಂಪಿನಲ್ಲೇ ಇದ್ದು ಮೊದಲನೆಯದನ್ನು ಅನುಭವಿಸುವವರು ತುಂಬ ಜನ. ಹದಿಹರೆಯದವರು ಈ ಎರಡಕ್ಕೂ, ಜೊತೆಗೆ ಇನ್ನೂ ಹತ್ತು ಸಂಕಟಕ್ಕೂ, “ಸಿಂಗಲ್” ಅನ್ನುವ ಒಂದೇ ಚೀಟಿ ಅಂಟಿಸುತ್ತಾರೆ. ಯಾಕೆಂದರೆ ಆ ಪದ ಹೇಳಿದರೆ ಗೆಳೆಯರಿಗೆ ಥಟ್ಟನೆ ಅರ್ಥವಾಗುತ್ತದೆ, ತಮಾಷೆ ಮಾಡಿಕೊಂಡೂ ಹೇಳಬಹುದು. “ನನ್ನನ್ನು ಯಾರೂ ಕೇಳುವವರಿಲ್ಲ” ಅಂತ ತಮಾಷೆ ಮಾಡಿಕೊಂಡು ಹೇಳಲು ಆಗುತ್ತದಾ?

ಹಾಗಾಗಿ “ನಿನಗೆ ಗರ್ಲ್‌ಫ್ರೆಂಡ್ ಯಾಕೆ ಬೇಕು?” ಅಂತ ಕೇಳಬೇಡಿ. ಅದು ವಿಚಾರಣೆ ಥರ ಇರುತ್ತದೆ. ನಾನಾದರೆ, “ಏನಾದರೂ ಖುಷಿ ವಿಷಯ ಇದ್ದರೆ ಮೊದಲು ಯಾರಿಗೆ ಮೆಸೇಜ್ ಮಾಡ್ತೀಯ?” ಅಂತ ಕೇಳುತ್ತೇನೆ. ಥಟ್ಟನೆ ಒಂದು ಹೆಸರು ಬಂದರೆ ಒಂದು ಕಥೆ. ತುಂಬ ಹೊತ್ತು ಯೋಚಿಸಿದರೆ ಬೇರೆಯೇ ಕಥೆ. “ಮೊದಲು ಇವನಿಗೆ ಮಾಡ್ತಿದ್ದೆ” ಅಂದರೆ ಆ “ಮೊದಲು” ಮೇಲೆ ನಿಲ್ಲಿ.

ಇನ್ನು “ಎಲ್ಲರಿಗೂ ಇದ್ದಾರೆ” ಅನ್ನುವುದು. ಅದು ನಿಜ ಅಲ್ಲ. ಅಮೆರಿಕದಲ್ಲಿ ಡೇಟಿಂಗ್ ಅಂದರೆ ಮಾಮೂಲು ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ಲೇ 2015ರಲ್ಲಿ ಪ್ಯೂ ರಿಸರ್ಚ್ ಸೆಂಟರ್ ಸಮೀಕ್ಷೆ ಮಾಡಿದಾಗ 13ರಿಂದ 17 ವರ್ಷದವರಲ್ಲಿ ಯಾವತ್ತಾದರೂ ಅಂಥ ಸಂಬಂಧ ಇತ್ತು ಅಂದವರು ಶೇಕಡಾ 35. ಉಳಿದ ಹೆಚ್ಚುಕಡಿಮೆ ಮೂರನೇ ಎರಡು ಭಾಗಕ್ಕೆ ಇರಲೇ ಇಲ್ಲ. ಆದರೆ ಇಲ್ಲದವರು “ಇಲ್ಲ” ಅಂತ ಸ್ಟೇಟಸ್ ಹಾಕಿಕೊಳ್ಳುವುದಿಲ್ಲವಲ್ಲ. ಇರುವವರ ಫೋಟೋ ಮಾತ್ರ ಕಣ್ಣಿಗೆ ಬೀಳುತ್ತದೆ. 2019ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದವರು ಹತ್ತನೇ ತರಗತಿಯವರನ್ನು ಹೋಲಿಸಿ ನೋಡಿದರು. ಡೇಟಿಂಗ್ ಮಾಡದವರು ಗೆಳೆತನದಲ್ಲಾಗಲಿ ಮನೆಯವರ ಜೊತೆಗಾಗಲಿ ಹಿಂದೆ ಬಿದ್ದಿರಲಿಲ್ಲ. ಜನರ ಜೊತೆ ಬೆರೆಯುವುದರಲ್ಲಿ ಶಿಕ್ಷಕರು ಅವರಿಗೇ ಜಾಸ್ತಿ ಅಂಕ ಕೊಟ್ಟಿದ್ದರು, ಖಿನ್ನತೆಯೂ ಅವರಲ್ಲೇ ಕಡಿಮೆ.

ಇದನ್ನೆಲ್ಲ ಅವನ ಮುಂದೆ ಓದಿ ಹೇಳಬೇಡಿ ಮತ್ತೆ! ಅಂಕಿಅಂಶ ಕೇಳಿ ಯಾರ ಒಂಟಿತನವೂ ಹೋಗಿದ್ದು ನಾನು ಕಂಡಿಲ್ಲ. ಇದು ನಿಮಗಾಗಿ, ನೀವು ಗಾಬರಿಯಾಗದಿರಲಿ ಅಂತ.

ಹದಿನೇಳು ನಡೀತಿದೆ

ದೊಡ್ಡವರ ಮಧ್ಯೆ ತಲೆ ಹಾಕುತ್ತಿದ್ದೇನೆ, ಸಾರಿ. ನನಗೆ 17, ಹುಡುಗಿ.

ನಾವು ಐದು ಜನ ಒಟ್ಟಿಗೆ ನಡೆದು ಮನೆಗೆ ಹೋಗುತ್ತಿದ್ದೆವು. ಹೋದ ವರ್ಷ ಅದರಲ್ಲಿ ಇಬ್ಬರು ಕಮಿಟ್ ಆದರು, ಆಮೇಲೆ ಇನ್ನಿಬ್ಬರು. ಈಗ ಎರಡು ಜೋಡಿ ಮತ್ತು ನಾನು. ಯಾರೂ ನನ್ನನ್ನು ಬರಬೇಡ ಅನ್ನಲಿಲ್ಲ. ಅದೇ ಕಷ್ಟ. ಬಾ ಅಂತಾರೆ, ಹೋದರೆ ನಾನು ನಾಲ್ಕು ಹೆಜ್ಜೆ ಹಿಂದೆ ಚೀಲ ಹೊತ್ತುಕೊಂಡು ನಡೆಯುತ್ತಿರುತ್ತೇನೆ. ಶೂ ಲೇಸ್ ಕಟ್ಟುವ ನೆಪ ಮಾಡಿ ನಿಂತರೂ ಯಾರೂ ತಿರುಗಿ ನೋಡುವುದಿಲ್ಲ. ಆಗ ನನಗೂ ಒಬ್ಬ ಬಾಯ್‌ಫ್ರೆಂಡ್ ಇದ್ದಿದ್ದರೆ ಅಂತ ಪ್ರತಿ ದಿನ ಅನ್ನಿಸುತ್ತಿತ್ತು. ಒಬ್ಬ ಹುಡುಗ ಕೇಳಿದ ಕೂಡ. ಅವನು ನನಗೆ ಇಷ್ಟವೇ ಇರಲಿಲ್ಲ, ಆದರೂ ಹ್ಞೂಂ ಅನ್ನುವವಳಿದ್ದೆ. ಆಗ ಗೊತ್ತಾಯಿತು, ನನಗೆ ಬೇಕಿದ್ದಿದ್ದು ಅವನಲ್ಲ, ನನ್ನ ಗೆಳತಿ ವಾಪಸ್ ಬೇಕಿತ್ತು. ಅವಳಿಗೆ ಹೇಳಿದೆ. ಅವಳು ಅತ್ತಳು, ನಾನೂ ಅತ್ತೆ. ಈಗ ವಾರದಲ್ಲಿ ಒಂದು ದಿನ ನಾವಿಬ್ಬರೇ ನಡೆಯುತ್ತೇವೆ.

ದೊಡ್ಡವರು ಹೇಳುವ ಮಾತುಗಳಲ್ಲಿ ನನಗೆ ಆಗದೇ ಇರೋದು ಹೇಳಲಾ? “ನೀನು ಇಷ್ಟು ಚೆನ್ನಾಗಿದ್ದೀಯ, ಖಂಡಿತ ಯಾರಾದ್ರೂ ಸಿಕ್ತಾರೆ.” ಸಿಗದಿದ್ದರೆ? ಆಗ ನಾನು ಚೆನ್ನಾಗಿಲ್ಲ ಅಂತ ತಾನೇ? “ಮೊದಲು ನಿನ್ನನ್ನು ನೀನು ಪ್ರೀತಿಸು.” ಅದು ಹೇಗೆ ಅಂತ ಇವತ್ತಿನವರೆಗೂ ಯಾರೂ ಹೇಳಿಕೊಟ್ಟಿಲ್ಲ. ಮತ್ತೆ ನೆಂಟರ ಮುಂದೆ “ಇವಳಿಗೆ ಯಾರೂ ಇಲ್ವಂತೆ” ಅಂತ ನಗುವುದು. ಅದನ್ನಂತೂ ಮಾಡಲೇಬೇಡಿ.

ಬಿಳಿಚಾಕ್

ಮಗೂ, ಸಾರಿ ಯಾಕೆ? ಇಲ್ಲಿ ಬರೆದವರಲ್ಲಿ ವಿಷಯ ಗೊತ್ತಿರುವವಳು ನೀನೊಬ್ಬಳೇ.

ಅರ್ಧನಿದ್ದೆ

ಇದನ್ನು ಬರೆಯಲೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೆ. @ಸೋದರಮಾವ, ರಾತ್ರಿ ಎರಡು ಗಂಟೆಗೆ ಫೋನ್ ಬೆಳಕು ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಆಗ 15. ಅವನೂ ಹೀಗೇ, ಯಾರೂ ನನ್ನನ್ನು ಇಷ್ಟಪಡಲ್ಲ ಅನ್ನುತ್ತಿದ್ದ. ನಾವೂ ನಕ್ಕಿದ್ದೆವು. ಆಮೇಲೆ ಅವನಿಗೆ ಆನ್‌ಲೈನಲ್ಲಿ ಒಬ್ಬಳು ಸಿಕ್ಕಳು. ಫೋಟೋ ಚೆನ್ನಾಗಿತ್ತು, ಮಾತು ಇನ್ನೂ ಚೆನ್ನಾಗಿತ್ತು. ಅವನಿಗೆ ಯಾವ ಆಟ ಇಷ್ಟ, ಯಾವ ಹಾಡು ಇಷ್ಟ, ಎಲ್ಲ ಕೇಳುತ್ತಿದ್ದಳು. ನಾಲ್ಕನೇ ದಿನಕ್ಕೆ ಅವಳೇ ಮೊದಲು ಒಂದು ಫೋಟೋ ಕಳಿಸಿ, ನಿನ್ನದೂ ಕಳಿಸು ಅಂದಳು. ಇವನು ಕಳಿಸಿದ. ಹತ್ತು ನಿಮಿಷದಲ್ಲಿ “ದುಡ್ಡು ಹಾಕು, ಇಲ್ಲದಿದ್ದರೆ ನಿನ್ನ ಫ್ರೆಂಡ್ಸ್‌ಗೆಲ್ಲ ಕಳಿಸ್ತೀನಿ” ಅಂತ ಬಂತು, ಜೊತೆಗೆ ಅವನ ಗೆಳೆಯರ ಪಟ್ಟಿಯ ಸ್ಕ್ರೀನ್‌ಶಾಟ್. ಆ ಕಡೆ ಹುಡುಗಿಯೇ ಇರಲಿಲ್ಲ.

ಅವನು ಎರಡು ದಿನ ನಮಗೆ ಹೇಳಲಿಲ್ಲ. ಯಾಕೆ ಅಂತ ಆಮೇಲೆ ಕೇಳಿದೆ. “ನೀವು ನಗ್ತೀರ ಅಂದ್ಕೊಂಡೆ” ಅಂದ. ಬೈತೀರ ಅನ್ನಲಿಲ್ಲ ನೋಡಿ. ನಗ್ತೀರ.

ಯಾರಿಗಾದರೂ ಉಪಯೋಗ ಆಗಲಿ ಅಂತ ಹೇಳುತ್ತೇನೆ. ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ, ಆ ಆ್ಯಪ್‌ಗೆ ಮತ್ತು ಪೊಲೀಸರಿಗೆ ದೂರು ಕೊಡಿ. ‘ಟೇಕ್ ಇಟ್ ಡೌನ್’ ಅಂತ ಒಂದು ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೆ ಸಿಕ್ಕ ಮಕ್ಕಳಿಗಾಗಿ ಇರುವ ಅಮೆರಿಕದ ಸಂಸ್ಥೆಯೊಂದು ಅದನ್ನು ನಡೆಸುತ್ತದೆ, 2023ರಲ್ಲಿ ಶುರುವಾಗಿದ್ದು. 18 ತುಂಬುವ ಮೊದಲು ತೆಗೆದ ಫೋಟೋಗಳಿಗೆ ಅದು. ಫೋಟೋವನ್ನು ಎಲ್ಲೂ ಅಪ್‌ಲೋಡ್ ಮಾಡಬೇಕಿಲ್ಲ. ನಿಮ್ಮ ಫೋನಿನಲ್ಲೇ ಅದರದ್ದೊಂದು ಸಂಕೇತ, ಬೆರಳಚ್ಚಿನ ಥರ, ತಯಾರಾಗುತ್ತದೆ. ಜೊತೆಗೂಡಿರುವ ಆ್ಯಪ್‌ಗಳು ಆ ಸಂಕೇತ ಇಟ್ಟುಕೊಂಡು ಫೋಟೋ ಹುಡುಕಿ ತೆಗೆಯುತ್ತವೆ. ಎಲ್ಲ ಆ್ಯಪ್‌ಗಳೂ ಇದರಲ್ಲಿ ಇಲ್ಲ. ಇದಷ್ಟೂ ಮಾಡುವ ಮೊದಲು ಮಗುವಿನ ಪಕ್ಕ ಕೂತು “ತಪ್ಪು ನಿನ್ನದಲ್ಲ” ಅನ್ನಿ.

ಒರಟುಮಾತು

ನಿಮ್ಮ ಮಗ ಈಗ ಹೇಗಿದ್ದಾನೆ?

ಅರ್ಧನಿದ್ದೆ

ಚೆನ್ನಾಗಿದ್ದಾನೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಒರಟುಮಾತು

ಸರಿ. ಆದರೂ ಫೋನ್ ವಿಷಯದಲ್ಲಿ ನಾನು ನನ್ನ ಮಾತು ಬಿಡುವುದಿಲ್ಲ. ಪೂರ್ತಿ ಬೇಡ ಅನ್ನಲ್ಲ. ರಾತ್ರಿ ಹನ್ನೊಂದರ ಮೇಲೆ ಅದು ಅವನ ಹಾಸಿಗೆಯಲ್ಲಿ ಇರಬಾರದು. ಇಷ್ಟಕ್ಕೂ ಕ್ಷಮೆ ಕೇಳಬೇಕಾ?

ಕಾಗದದ ದೋಣಿ

ಬೇಡ, ಇದು ಸರಿಯಾದ ಮಾತು. ನಿದ್ದೆಗೆಟ್ಟ ತಲೆಗೆ ಎಲ್ಲ ಇನ್ನೂ ಕಪ್ಪಾಗಿ ಕಾಣುತ್ತದೆ. ಆದರೆ ಕಿತ್ತುಕೊಳ್ಳಬೇಡಿ. ನಿಮ್ಮ ಫೋನ್ ಕೂಡ ಅವನದರ ಪಕ್ಕದಲ್ಲೇ ಹೊರಗಿನ ಕೋಣೆಯಲ್ಲಿ ಚಾರ್ಜ್‌ಗೆ ಹಾಕಿ. ಪೂರ್ತಿ ತೆಗೆದುಬಿಟ್ಟರೆ ಉಳಿದಿರುವ ನಾಲ್ಕು ಗೆಳೆಯರೂ ಹೋಗುತ್ತಾರೆ.

ಆ ಫೋನಿನಲ್ಲಿ ಇನ್ನೂ ಎರಡು ಇವೆ. ಒಂದು, “ಹುಡುಗಿಯರು ದುಡ್ಡು, ಎತ್ತರ ಮಾತ್ರ ನೋಡೋದು, ನಿನ್ನಂಥವನಿಗೆ ಯಾರೂ ಸಿಗಲ್ಲ” ಅಂತ ಕಿರುಚುವ ವೀಡಿಯೊಗಳು. ಬೇಜಾರಲ್ಲಿರುವ ಹುಡುಗನಿಗೆ ಅವು ಬೇಗ ಹಿಡಿಸುತ್ತವೆ, ಯಾಕೆಂದರೆ ಅವನ ನೋವಿಗೆ ಅವು ಒಂದು ಕಾರಣ ಕೊಡುತ್ತವೆ, ಬೈಯಲು ಒಬ್ಬರನ್ನು ಕೊಡುತ್ತವೆ. ನೋಡಬೇಡ ಅಂದರೆ ಕದ್ದು ನೋಡುತ್ತಾನೆ. ಜೊತೆಗೆ ಕೂತು ನೋಡಿ, “ಇವನು ಕೊನೆಗೆ ಏನು ಮಾರ್ತಿದ್ದಾನೆ?” ಅಂತ ಕೇಳಿ. ಎಷ್ಟೋ ಸಲ ಒಂದು ಕೋರ್ಸ್ ಇರುತ್ತದೆ.

ಇನ್ನೊಂದು ಎಐ ಗೆಳತಿ, ಎಐ ಗೆಳೆಯ, ಅಂದರೆ ಮನುಷ್ಯರ ಥರವೇ ಚಾಟ್ ಮಾಡುವ ಆ್ಯಪ್‌ಗಳು. 2025ರಲ್ಲಿ ಕಾಮನ್ ಸೆನ್ಸ್ ಮೀಡಿಯಾ ಅಮೆರಿಕದ ಹದಿಹರೆಯದವರನ್ನು ಕೇಳಿದಾಗ, ಶೇಕಡಾ 72ರಷ್ಟು ಮಂದಿ ಒಮ್ಮೆಯಾದರೂ ಇಂಥದ್ದರ ಜೊತೆ ಮಾತಾಡಿದ್ದರು. ಅದು ಯಾವತ್ತೂ ಮುನಿಸಿಕೊಳ್ಳುವುದಿಲ್ಲ, ಬ್ಲೂ ಟಿಕ್ ಬಿಟ್ಟು ಸತಾಯಿಸುವುದಿಲ್ಲ. ನನಗೆ ಚಿಂತೆ ಇರುವುದೇ ಅಲ್ಲಿ. ಮುನಿಸು, ಕಾಯುವುದು, ರಾಜಿ, ಇದನ್ನೆಲ್ಲ ಕಲಿಯುವ ವಯಸ್ಸು ಇದು.

ಬಿಳಿಚಾಕ್

ಸರಿ, ಆಮೇಲೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಉತ್ತರ ಸ್ವಲ್ಪ ಬೋರು. ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವ ಜಾಗ ಬೇಕು, ಕೈಗೆ ಏನಾದರೂ ಕೆಲಸ ಇರಬೇಕು. ನಾಟಕದ ಪರದೆ ಕಟ್ಟುವುದು, ಚೆಸ್, ಗಿಟಾರ್, ಏನಾದರೂ ಸರಿ. “ಹೋಗಿ ಫ್ರೆಂಡ್ಸ್ ಮಾಡ್ಕೊ” ಅಂದರೆ ಯಾರಿಗೂ ಆಗುವುದಿಲ್ಲ. ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಪರಿಚಯದವರು ಸಾಮಾನ್ಯ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತ ಗೆಳೆಯರಾಗಲು 200ಕ್ಕೂ ಮೇಲೆ. ಅವರು ನೋಡಿದ್ದು ದೊಡ್ಡವರನ್ನು, ಕಾಲೇಜು ಹುಡುಗರನ್ನು. ನನ್ನ ತರಗತಿಗೂ ಅದು ಒಪ್ಪುತ್ತದೆ ಅಂತ ನನ್ನ ಅನುಭವ. ಎರಡು ಸಲ ಹೋಗಿ ಯಾರೂ ಮಾತಾಡಿಸಲಿಲ್ಲ ಅಂತ ಬಿಟ್ಟುಬಿಡುತ್ತಾರೆ ನೋಡಿ, ಎರಡು ಸಲ ಅಂದರೆ ನಾಲ್ಕು ಗಂಟೆ.

ಮಾತಾಡಿ ಬಂದ ಮೇಲೆ “ಅಯ್ಯೋ ಏನೇನೋ ಮಾತಾಡಿಬಿಟ್ಟೆ, ಅವರಿಗೆ ನಾನು ಇಷ್ಟ ಆಗಲಿಲ್ಲ” ಅಂತ ಕೊರಗುವ ಮಕ್ಕಳಿಗೆ ಒಂದು ಮಾತು. ಅದೇ 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು ಕಂಡುಕೊಂಡಿದ್ದು ಇದು: ಹೊಸಬರ ಜೊತೆ ಮಾತಾಡಿದ ಮೇಲೆ, ನಾವು ಅವರಿಗೆ ಎಷ್ಟು ಇಷ್ಟವಾದೆವು ಅಂತ ಅಂದುಕೊಳ್ಳುತ್ತೇವೋ, ಅದಕ್ಕಿಂತ ಜಾಸ್ತಿಯೇ ಇಷ್ಟವಾಗಿರುತ್ತೇವೆ. ಇದನ್ನು ನನ್ನ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವನೊಬ್ಬ ಕಿವಿ ನೆಟ್ಟಗೆ ಮಾಡಿದ್ದು ಇನ್ನೂ ನೆನಪಿದೆ.

ಯಾರನ್ನಾದರೂ ನಿಜವಾಗಿ ಇಷ್ಟಪಟ್ಟಿದ್ದರೆ, ಹೇಗೆ ಕೇಳಬೇಕು ಅನ್ನುವುದಕ್ಕಿಂತ ಬೇಡ ಅಂದರೆ ಹೇಗೆ ವಾಪಸ್ ಬರಬೇಕು ಅನ್ನುವುದನ್ನು ಕಲಿಸಿ. “ಸರಿ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.” ಅಷ್ಟೇ. ಹಿಂದೆ ಹಿಂದೆ ಹೋದರೆ ಒಪ್ಪುತ್ತಾಳೆ ಅಂತ ಪರದೆ ಮೇಲೆ ತೋರಿಸುವುದು ಶುದ್ಧ ಸುಳ್ಳು, ಅದರಿಂದ ಇಬ್ಬರಿಗೂ ಕಷ್ಟ.

ಕಾಗದದ ದೋಣಿ

ಎರಡು ಮಾತು ಸೇರಿಸುತ್ತೇನೆ. ಒಂದು, “ಹುಡುಗಿ ಯಾರು?” ಅಂತ ಕೇಳಬೇಡಿ, “ಯಾರಾದ್ರೂ ಇಷ್ಟವಾ?” ಅನ್ನಿ. ಅವನಿಗೆ ಇಷ್ಟ ಇರುವುದು ಹುಡುಗಿಯೇ ಆಗಬೇಕು ಅಂತೇನಿಲ್ಲ. ಯಾರ ಮೇಲೂ ಆ ಥರ ಆಸೆಯೇ ಹುಟ್ಟದ ಮಕ್ಕಳೂ ಇದ್ದಾರೆ, ಎಲ್ಲರೂ ಅದೇ ಮಾತಾಡುವಾಗ ಅವರಿಗೆ ಇನ್ನೂ ಒಂಟಿ ಅನ್ನಿಸುತ್ತದೆ.

ಎರಡು, ಇದು ಮುಖ್ಯ. ಬೇಜಾರು ಎರಡು ವಾರ ದಾಟಿ ದಿನವಿಡೀ ಹಾಗೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಇಷ್ಟದ ಆಟವನ್ನೂ ಬಿಟ್ಟರೆ, ತನ್ನ ಪ್ರೀತಿಯ ವಸ್ತುಗಳನ್ನು ಹಂಚಲು ಶುರು ಮಾಡಿದರೆ, “ನಾನಿಲ್ಲದಿದ್ದರೇ ಚೆನ್ನಾಗಿತ್ತು” ಅಂದರೆ, ಇನ್ನು ಕಾಯಬೇಡಿ. “ಸಾಯಬೇಕು ಅನ್ನಿಸುತ್ತಾ?” ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಅವತ್ತೇ ವೈದ್ಯರು ಅಥವಾ ಸಹಾಯವಾಣಿ, ಅವತ್ತೇ ಅಕ್ಕನಿಗೂ ಹೇಳಿ. ಅಷ್ಟು ಇಲ್ಲದಿದ್ದರೆ ಅವನನ್ನು ಕೇಳದೆ ಅಕ್ಕನಿಗೆ ಹೇಳಬೇಡಿ.

ಸೋದರಮಾವ

ಒಂದು ವಾರ ಆಯಿತು. ಎಲ್ಲ ಓದಿದೆ, ಕೆಲವು ಎರಡೆರಡು ಸಲ.

ಎದುರು ಕೂತು ಹೇಳಲು ಬಾಯೇ ಬರಲಿಲ್ಲ. ಸೈಕಲ್ ಚೈನ್ ಕಳಚಿತ್ತು, ಇಬ್ಬರೂ ಕೂತು ಸರಿಮಾಡುತ್ತಿದ್ದೆವು, ಕೈಯೆಲ್ಲ ಗ್ರೀಸ್. “ಅವತ್ತು ನಾನು ನಗಬಾರದಿತ್ತು” ಅಂದೆ. “ಪರವಾಗಿಲ್ಲ ಬಿಡು ಮಾವ” ಅಂದ. ಅಲ್ಲಿಗೇ ಬಿಟ್ಟೆ. ಎರಡು ದಿನ ಏನೂ ಇಲ್ಲ. ಮೂರನೇ ರಾತ್ರಿ ದೀಪ ಆರಿಸಿದ ಮೇಲೆ ಅವನೇ ಶುರು ಮಾಡಿದ.

ನಾವು ಯಾರೂ ಊಹಿಸಿದ್ದು ಅಲ್ಲ. ರಜೆಗೆ ಮೊದಲು ಅವನು ಕ್ಲಾಸಿನ ಒಬ್ಬಳಿಗೆ ಮೆಸೇಜಿನಲ್ಲಿ ಇಷ್ಟ ಅಂತ ಹೇಳಿದ್ದ. ಅವಳು ಬೇಡ ಅಂದಳು, ಅದು ಸರಿ. ಆದರೆ ಆ ಮೆಸೇಜಿನ ಸ್ಕ್ರೀನ್‌ಶಾಟ್ ಹೇಗೋ ಕ್ಲಾಸ್ ಗ್ರೂಪಿಗೆ ಬಂದಿದೆ. ನಗುವ ಮುಖಗಳ ಇಮೋಜಿ ಸಾಲು ಸಾಲು. ಅದನ್ನೇ ರಾತ್ರಿ ಎರಡು ಗಂಟೆಗೆ ತೆಗೆದು ತೆಗೆದು ನೋಡುತ್ತಿದ್ದನಂತೆ. ಅದರ ಮೇಲೆ ನಾನೂ ನಕ್ಕೆ.

ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿದೆ, ನನ್ನ ಧ್ವನಿ ನಡುಗುತ್ತಿತ್ತು. “ಇಲ್ಲ ಮಾವ, ಸ್ಕೂಲಿಗೆ ಹೋಗಬಾರದು ಅನ್ಸುತ್ತೆ ಅಷ್ಟೇ” ಅಂದ. ಅಕ್ಕನಿಗೆ ಹೇಳಲು ಒಪ್ಪಿದ್ದಾನೆ, ನಾನು ಜೊತೆಗಿರಬೇಕಂತೆ. ಇನ್ನು ಹತ್ತು ದಿನದಲ್ಲಿ ರಜೆ ಮುಗಿಯುತ್ತದೆ. ಮೊದಲ ದಿನ ಅವನು ಆ ತರಗತಿಗೆ ಹೇಗೆ ಹೋಗುತ್ತಾನೆ?

ಹದಿನೇಳು ನಡೀತಿದೆ

ಇದು ನನಗೆ ಗೊತ್ತು. ನನಗಲ್ಲ, ನನ್ನ ಕ್ಲಾಸಲ್ಲಿ ಒಬ್ಬನಿಗೆ ಆಗಿತ್ತು.

ಒಬ್ಬನೇ ಒಳಗೆ ಹೋಗುವ ಹಾಗೆ ಬಿಡಬೇಡಿ. ಆ ಗ್ರೂಪಲ್ಲಿ ನಗದೇ ಇದ್ದವರು ಯಾರು ಅಂತ ಅವನಿಗೆ ಗೊತ್ತೇ ಇರುತ್ತದೆ, ಅಷ್ಟು ಸಲ ನೋಡಿದ್ದಾನಲ್ಲ. ಅವರಲ್ಲಿ ಒಬ್ಬರಿಗೆ ಈಗಲೇ ಮೆಸೇಜ್ ಮಾಡಲಿ. ಆ ವಿಷಯ ಬೇಡ, ಸುಮ್ನೆ ಏನೋ ಒಂದು. ಮೊದಲ ದಿನ ಗೇಟ್ ಹತ್ತಿರ ಸಿಕ್ತೀಯಾ ಅಂತ. ಆಮೇಲೆ ಯಾರಾದರೂ ಕೆಣಕಿದರೆ “ಹೌದು, ಕೇಳಿದೆ, ಬೇಡ ಅಂದಳು” ಅನ್ನಲಿ. ಅದಕ್ಕೆ ಮುಂದೆ ಯಾರಿಗೂ ಏನು ಹೇಳಬೇಕು ಅಂತ ತೋಚಲ್ಲ. ಆ ಹುಡುಗಿಗೆ ಮಾತ್ರ ಏನೂ ಬೈದು ಕಳಿಸಬಾರದು. ಸ್ಕ್ರೀನ್‌ಶಾಟ್ ಹಾಕಿದ್ದು ಅವಳೇ ಅಂತಲೂ ಗೊತ್ತಿಲ್ಲ ಅಲ್ವಾ.

ಬಿಳಿಚಾಕ್

ಜೊತೆಗೆ ಒಬ್ಬ ಶಿಕ್ಷಕರಿಗೆ ಮೊದಲೇ ತಿಳಿಸಿರಿ. ಅವನಿಗೆ ಯಾರ ಮೇಲೆ ನಂಬಿಕೆಯೋ ಅವರಿಗೆ. ನನಗೆ ಇಂಥದ್ದು ಮೊದಲೇ ಗೊತ್ತಿದ್ದರೆ ಅವತ್ತು ಕೂರುವ ಜಾಗ ಬದಲಾಯಿಸುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ.

ಸೋದರಮಾವ

ಕೇಳಿದೆ. ಎರಡು ಹೆಸರು ಹೇಳಿದ, ಯೋಚನೆಯನ್ನೇ ಮಾಡದೆ. ಅದರಲ್ಲಿ ಒಬ್ಬನಿಗೆ ಈಗ ಮೆಸೇಜ್ ಬರೆಯುತ್ತಾ ಕೂತಿದ್ದಾನೆ. ಮೂರು ಸಲ ಬರೆದು ಅಳಿಸಿದ. ನಾನು ಈ ಕಡೆ ತಿರುಗಿ ಇದನ್ನು ಬರೆಯುತ್ತಿದ್ದೇನೆ, ನೋಡದ ಹಾಗೆ.